ಇನ್ನೂ ಸ್ವಲ್ಪ ಹತ್ತಿರ

ವಿಮಾನದಲ್ಲೇ ಹೇಳಿಬಿಡಬೇಕಿತ್ತು. ಈಗ ಬಸ್ಸು ಹತ್ತಿಯಾಗಿದೆ, ಗಂಡ ಪಕ್ಕದಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದಾನೆ, ಮಳೆ ತೊಳೆದ ಕಿಟಕಿಯನ್ನೇ ಮತ್ತೆ ಮತ್ತೆ ತೊಳೆಯುತ್ತಿದೆ. ನಿದ್ದೆ ಹೋದವನನ್ನು ತಟ್ಟಿ ಎಬ್ಬಿಸಿ ‘ಇನ್ನು ಮೇಲೆ ನಾನು ಬೇರೆ ಇರ್ತೀನಿ’ ಎನ್ನುವುದು ಯಾವ ನ್ಯಾಯ?

ವಿಮಾನದಲ್ಲಿ ಹೇಳಲಾಗದೆ ಹೋದದ್ದಕ್ಕೆ ನಡುವಿನ ಸೀಟು ಕಾರಣ. ಮಧ್ಯದ್ದನ್ನು ಯಾರೂ ಕೇಳುವುದಿಲ್ಲ, ಆರಾಮಾಗಿ ಹೋಗಬಹುದು ಎಂದು ಅವನು ಲೆಕ್ಕ ಹಾಕಿ ಅವಳಿಗೆ ಕಿಟಕಿಯ ಬದಿಯದನ್ನೂ ತನಗೆ ದಾರಿಯ ಬದಿಯದನ್ನೂ ಹಿಡಿದಿದ್ದ. ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಮನುಷ್ಯರ ವಿಷಯದಲ್ಲಿ ಅವನ ಲೆಕ್ಕ ಸರಿಯಾದದ್ದು ಕಡಿಮೆ. ಕೊನೆಯ ಗಳಿಗೆಯಲ್ಲಿ ಒಬ್ಬ ದಪ್ಪನೆಯ ಮನುಷ್ಯ ಏದುಸಿರು ಬಿಡುತ್ತ ಬಂದು ನಡುವೆ ಕೂತ. ಅವಳಿಗೆ ಕಿಟಕಿ ಬೇಕೆಂದು ಗಂಡನೂ, ಅವನಿಗೆ ಕಾಲು ಚಾಚಬೇಕೆಂದು ಅವಳೂ ಸುಮ್ಮನಾದರು. ಆತನ ಹೊಟ್ಟೆಯ ಮೇಲಿಂದಲೇ ನೀರಿನ ಬಾಟಲಿ, ಪತ್ರಿಕೆ, ತಲೆನೋವಿನ ಮಾತ್ರೆ ಹೋಗಿ ಬಂದವು.

“ನೀವಿಬ್ರೂ ಪರಿಚಯದೋರಾ?” ಎಂದು ಕೇಳಿದ ಆತ.

“ಹೂಂ, ಪರಿಚಯ,” ಎಂದ ಗಂಡ.

“ಬೇಕಾದ್ರೆ ನಾನು ಜಾಗ ಬಿಟ್ಟುಕೊಡ್ತೀನಿ.”

“ಪರವಾಗಿಲ್ಲ,” ಎಂದರು ಇಬ್ಬರೂ ಒಟ್ಟಿಗೆ.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎನ್ನುತ್ತಾರೆ. ಇವರಲ್ಲಿ ಜಗಳವೇ ಇರಲಿಲ್ಲ. ಬರೀ ಉಣ್ಣುವುದು, ಮಲಗುವುದು. ಅವನು ಕುಡುಕನಲ್ಲ, ಕೈ ಎತ್ತಿದವನಲ್ಲ. ಯಾರಾದರೂ ಏನು ತೊಂದರೆ ಎಂದು ಕೇಳಿದರೆ ಅವಳ ಬಳಿ ತೋರಿಸಲು ಒಂದು ಗಾಯವೂ ಇಲ್ಲ. ಅದೇ ಅವಳನ್ನು ಹೆಚ್ಚು ದಣಿಸಿತ್ತು.

ಅವಳು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಹೆದರಿದವರ ತಲೆಯ ಬಳಿ ನಿಂತು, ಔಷಧಿ ಮೈಗಿಳಿಯುವ ತನಕ ಮಾತಾಡಿಸುತ್ತಿರುವುದು ಅವಳ ಕಸುಬು. ಅದಕ್ಕೆಂದೇ ಒಂದು ದನಿ ಇದೆ: ತಗ್ಗಿದ, ಬೆಚ್ಚಗಿನ, ಅವಸರವಿಲ್ಲದ ದನಿ. ಏನು ಕೆಲಸ, ಮಕ್ಕಳೆಷ್ಟು ಎಂದು ಕೇಳುತ್ತಾಳೆ, ಉತ್ತರ ಪೂರ್ತಿಯಾಗುವುದಿಲ್ಲ. ಅರ್ಧ ಉತ್ತರಗಳನ್ನು ಕೇಳಿಕೊಂಡೇ ಅವಳ ತಲೆ ನರೆತಿತ್ತು.

ಬಸ್ಸಿನಲ್ಲಿ ಅವಳ ಫೋನು ಬಡಿದುಕೊಂಡಿತು. ಅಕ್ಕ.

“ಹೇಳಿದ್ಯೇನೇ?”

“ಇನ್ನೂ ಇಲ್ಲ.”

“ಮನೇಲಿ ಹೇಳಿದ್ರೆ ಆಮೇಲೆ ಆ ಮನೇಲಿ ಕೂರೋಕಾಗಲ್ಲ ಅಂತ ತಾನೇ ಅಷ್ಟು ದೂರ ಹೋಗ್ತಿರೋದು? ಇವತ್ತು ಹೇಳಲಿಲ್ಲ ಅಂದ್ರೆ ನೀನು ಈ ಜನ್ಮದಲ್ಲಿ ಹೇಳಲ್ಲ.”

ಗಂಡನಿಗೆ ಎಚ್ಚರವಾಯಿತು. “ಯಾರು?”

“ಅಕ್ಕ.”

“ಏನಂತೆ?”

“ಅಲ್ಲಿ ಮಳೇನಾ ಅಂತ ಕೇಳಿದ್ಲು.”

ಅವಳು ಫೋನನ್ನು ಚೀಲಕ್ಕೆ ಹಾಕಿದಳು. “ರೀ, ನಿಮ್ಮ ಹತ್ರ ಒಂದು ವಿಷಯ ಮಾತಾಡೋದಿತ್ತು. ಗಾಬರಿ ಆಗೋವಂಥದ್ದು ಏನಿಲ್ಲ...”

ಅವನು ಥಟ್ಟನೆ ನೆಟ್ಟಗೆ ಕೂತ. “ಡಾಕ್ಟ್ರೇ, ಆ ದನಿ ಬೇಡ.” ಡಾಕ್ಟ್ರೇ ಎಂಬುದು ಹಿಂದೊಮ್ಮೆ ಛೇಡಿಸುವ ಮಾತಾಗಿತ್ತು; ಈಗ ಬರೀ ಅವಳ ಹೆಸರಾಗಿತ್ತು.

“ಯಾವ ದನಿ?”

“ಪೇಶೆಂಟನ್ನ ಮಲಗಿಸೋ ದನಿ.” ಅವನು ಅವಳಾಚೆಯ ಕಿಟಕಿ ನೋಡಿದ. “ಊರು ಬಂತು ಅನ್ಸುತ್ತೆ.”

ಊರು ಬಂದಿರಲಿಲ್ಲ. ಆಮೇಲೂ ಬಹಳ ಹೊತ್ತು ಬರಲಿಲ್ಲ. ಬಂದಾಗ ಅದು ಒದ್ದೆ ಬಸ್ ನಿಲ್ದಾಣವಾಗಿ, ಪ್ಲಾಸ್ಟಿಕ್ ಹಾಳೆ ಹೊದ್ದ ಅಂಗಡಿ ಸಾಲಾಗಿ, ಬೂಷ್ಟು ವಾಸನೆಯ ಲಾಡ್ಜಾಗಿ ಬಂತು. ಮ್ಯಾನೇಜರು ಸಡಗರದಿಂದ ಕೋಣೆಯ ಪರದೆ ಸರಿಸಿ, “ನೋಡಿ, ಇಡೀ ಸಮುದ್ರ ನಿಮ್ದೇ!” ಎಂದ. ಆಚೆ ಏನೂ ಇರಲಿಲ್ಲ. ಬೆಳ್ಳನೆಯ ಮಳೆ, ಅದರ ಹಿಂದೆ ಒಂದು ಸದ್ದು.

ಅವನು ಹೋದ ಮೇಲೆ ಗಂಡ ಹಾಸಿಗೆಯಂಚಿನಲ್ಲಿ ಕೂತು ಒದ್ದೆ ಸಾಕ್ಸ್ ಬಿಚ್ಚತೊಡಗಿದ. “ಪಾಪ, ನಿನಗೆ ಸಮುದ್ರ ಅಂದ್ರೆ ಆಸೆ ಇತ್ತು.”

“ನನಗಾ? ಆಸೆ ಇದ್ದಿದ್ದು ನಿಮಗಲ್ವಾ? ಅದಕ್ಕೇ ನಾನು ಹೂಂ ಅಂದಿದ್ದು.”

“ನೀನು ಅಡುಗೆಮನೇಲಿ ಕ್ಯಾಲೆಂಡರಿನ ಸಮುದ್ರ ನೋಡ್ತಾ ನಿಂತಿದ್ದೆಯಲ್ಲ, ಅಷ್ಟು ಹೊತ್ತು?”

“ತಾರೀಕು ನೋಡ್ತಿದ್ದೆ.”

ಇಬ್ಬರಿಗೂ ನಗು ಬಂತು. ಅವನು ಕೈಯಲ್ಲಿ ಸಾಕ್ಸ್ ಹಿಡಿದುಕೊಂಡೇ ಹೊಟ್ಟೆ ಹಿಡಿದು ನಕ್ಕ. ಈ ನಗುವಿಗೆ ಮರುಳಾಗಿಯೇ ಅವಳು ಅವನನ್ನು ಕಟ್ಟಿಕೊಂಡದ್ದು. ಈಗ ಅದನ್ನು ಕಂಡು ಅವಳಿಗೆ ಭಯವಾಯಿತು. ಇನ್ನೊಂದು ಗಳಿಗೆ ಹೀಗೇ ನಕ್ಕರೆ ತಾನು ಹೇಳದೆ ಮನೆಗೆ ಮರಳಿಬಿಡುತ್ತೇನೆ ಎನಿಸಿತು. ಯಾವ ತಾರೀಕು ಎಂದು ಅವನು ಕೇಳಿದರೆ ಮನೆ ಬಿಡುವ ದಿನ ಎಂದುಬಿಡಬಹುದು ಎಂದು ಕಾದಳು. ಅವನು ನಗು ನಿಲ್ಲಿಸಿ ಸಾಕ್ಸ್ ಹಿಂಡಿದ. ಕೇಳಲಿಲ್ಲ.

ಮ್ಯಾನೇಜರು ಮತ್ತೆ ಬಾಗಿಲು ತಟ್ಟಿದ. ದಂಪತಿಗಳಿಗೆ ಲಾಡ್ಜಿನ ಕಡೆಯಿಂದ ಒಂದು ಫೋಟೋ ಇದೆಯಂತೆ. ಬೆಳಕು ಹೋಗುವುದರೊಳಗೆ ಕೆಳಗೆ ಬರಬೇಕಂತೆ. ಅವಳು ಗಂಡನ ಮುಖ ನೋಡಿದಳು, ಅವನು ಅವಳ ಮುಖ ನೋಡಿದ. ಬೇಡ ಎನ್ನುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಲಾಡ್ಜಿನ ಹಿಂದೆ, ತಗಡಿನ ಚಾವಣಿಯ ಕೆಳಗೆ ಒಂದು ದೊಡ್ಡ ಬಟ್ಟೆ ಇಳಿಬಿಟ್ಟಿತ್ತು. ಅದರ ಮೇಲೆ ನೀಲಿ ಸಮುದ್ರ, ಕೆಂಪು ಸೂರ್ಯ. ಬಟ್ಟೆಯ ಹಿಂದೆ ನಿಜವಾದದ್ದು ಮೊರೆಯುತ್ತಿತ್ತು.

“ಮಳೇಲಿ ಬಂದೋರಿಗೆ ಇದೇ ಸಮುದ್ರ,” ಎಂದು ಫೋಟೋಗ್ರಾಫರು ತನ್ನ ಮಾತಿಗೆ ತಾನೇ ನಕ್ಕ. “ಸ್ವಲ್ಪ ಹತ್ತಿರ ಬನ್ನಿ. ಇನ್ನೂ ಸ್ವಲ್ಪ. ಸಾರ್, ಭುಜದ ಮೇಲೆ ಕೈ ಹಾಕಿ, ನಿಮ್ಮ ಮನೆಯೋರೇ ಅಲ್ವಾ!”

ಕೈ ಬಂತು. ಇಬ್ಬರೂ ನಕ್ಕರು. ಫ್ಲಾಶ್ ಹೊತ್ತಲಿಲ್ಲ, ಫೋಟೋಗ್ರಾಫರು ಕ್ಯಾಮೆರಾದ ಮೇಲೆ ಬಗ್ಗಿದ.

“ನಾನು ಬೇರೆ ಇರಬೇಕು ಅಂತಿದ್ದೀನಿ,” ಎಂದಳು ಅವಳು, ನಗು ಕದಲಿಸದೆ. ದನಿ ಒಡಕಾಗಿತ್ತು.

ಅವನ ನಗುವೂ ಕದಲಲಿಲ್ಲ. “ಗೊತ್ತು,” ಎಂದ. ಸ್ವಲ್ಪ ತಡೆದು, “ಅಲ್ಲಾಡಬೇಡ. ಫೋಟೋ ಕೆಡುತ್ತೆ.”

ಅವಳು ಅಲ್ಲಾಡಲಿಲ್ಲ. ಅವನ ಕೈ ಭುಜದ ಮೇಲೇ ಇತ್ತು.

ಅಷ್ಟರಲ್ಲಿ ಗಾಳಿ ನುಗ್ಗಿ ಹಗ್ಗ ಕಿತ್ತುಬಂತು. ಒದ್ದೆ ಬಟ್ಟೆ ಇಬ್ಬರ ತಲೆಯ ಮೇಲೂ ಕವುಚಿತು. “ಹಿಡ್ಕೊಳಿ! ಒಂದೊಂದು ತುದಿ ಹಿಡ್ಕೊಳಿ, ಎತ್ತಿ!” ಎಂದು ಕೂಗುತ್ತ ಫೋಟೋಗ್ರಾಫರು ಹಗ್ಗ ತರಲು ಮಳೆಯಲ್ಲಿ ಓಡಿದ.

ಗಂಡ ಒಂದು ಕಂಬದ ಬಳಿ, ಅವಳು ಇನ್ನೊಂದರ ಬಳಿ, ತೋಳೆತ್ತಿ ನಿಂತರು. ನಡುವೆ ಬಟ್ಟೆ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಹಗ್ಗ ತರಲು ಹೋದವನು ಬರಲಿಲ್ಲ.

“ಕೈ ನೋಯ್ತಿದ್ಯಾ?” ಎಂದು ಕೇಳಿತು ಆ ಕಡೆಯ ದನಿ.

“ಇಲ್ಲ. ನಿಮಗೆ?”

“ಇಲ್ಲ.”

ಮುಂದೆ ಯಾರೂ ನಿಲ್ಲದ ಆ ನೀಲಿ ಸಮುದ್ರವನ್ನು ಇಬ್ಬರೂ ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿದರು.