ಯೂನಿಯಾಳ ಎದೆ ಹಗುರಾದ ದಿನ

ಯೂನಿಯಾಳ ಶವಪೆಟ್ಟಿಗೆಯ ಪಕ್ಕ ನಿಂತು ಮಾತಾಡಿದವರೆಲ್ಲ ಹೇಳಿದ್ದು ಒಂದೇ: ಈಕೆ ಬೆಳಕಿನಲ್ಲಿ ನಡೆದವಳು, ಮುಚ್ಚುಮರೆ ಅರಿಯದವಳು. ಹುಡುಗಿಯಾಗಿದ್ದಾಗ ಪಾದ್ರಿಯ ಮನೆಯಿಂದ ಕದ್ದ ಚಮಚವನ್ನು ಮೂವತ್ತು ವರ್ಷದ ಮೇಲೆ ಕಬಾಲೆಯ ಬೆಟ್ಟಗಳನ್ನು ಹತ್ತಿಳಿದು ಹಿಂದಿರುಗಿಸಿದ್ದಳಂತೆ. ಬೆಳಗಿನಿಂದ ಈ ಕಥೆ ಮೂರು ಸಲ ಆಗಿತ್ತು. ಮೂರು ಸಲವೂ ಜನ ಸ್ತುತಿಗೀತೆ ಹಾಡಿದರು.

ನಿನ್ಸೀಮಾ ಹಾಡಲಿಲ್ಲ. ಮೊಮ್ಮಕ್ಕಳ ಪರವಾಗಿ ಮಾತಾಡಬೇಕಾದವಳು ಅವಳು. ಕೊನೆಯ ಎರಡು ವರ್ಷ ಅಜ್ಜಿಯ ಹಾಸಿಗೆ ಬದಲಿಸಿ, ಜೋಳದ ಗಂಜಿ ಕುಡಿಸಿದವಳೂ ಅವಳೇ. ಆದರೆ ಅವಳಿಗೆ ನೆನಪಾಗುತ್ತಿದ್ದ ಅಜ್ಜಿಯೇ ಬೇರೆ.

ಆಗ ಅವಳಿಗೆ ಎಂಟು ವರ್ಷ. ಶುಕ್ರವಾರದ ಪ್ರಾರ್ಥನಾಕೂಟದಲ್ಲಿ ಪಾಪ ಮಾಡಿದವರು ಎದ್ದುನಿಂತು ಎಲ್ಲರೆದುರು ಒಪ್ಪಿಕೊಳ್ಳಬೇಕು. ಅಂದು ಅಜ್ಜಿ ಎದ್ದಳು.

"ನಾನು ಪಾಪಿ ಕಣ್ರಪ್ಪಾ. ಎಂಟು ವರ್ಷದಿಂದ ನನ್ ಮಗ ಬೆನೊನಿ ಹತ್ರ ಒಂದು ವಿಷಯ ಮುಚ್ಚಿಟ್ಟಿದೀನಿ. ಸೊಸೆ ಮೆರಾಬು ನನ್ ಮಡಿಲಲ್ಲಿ ತಲೆಯಿಟ್ಟು ಅಳ್ತಾ ಹೇಳಿದ್ಳು, ನಿನ್ಸೀಮಾ ಅವನ ಮಗಳಲ್ಲ ಅಂತ. ಇವತ್ತು ನನ್ನೆದೆ ಹಗುರಾಯ್ತು."

ಹಗುರಾಗದೆ ಏನು! ಜನ ಹಾಡಿದರು, ಅವಳನ್ನು ತಬ್ಬಿಕೊಂಡರು. ಅದೇ ಸಂಜೆ ಬೆನೊನಿ ಮೆರಾಬು ಮತ್ತು ನಿನ್ಸೀಮಾಳ ಬಟ್ಟೆಬರೆಯನ್ನೆಲ್ಲ ಅಂಗಳಕ್ಕೆ ಎಸೆದ. ಮೆರಾಬು ತವರಿನ ಹಿತ್ತಿಲ ಕೋಣೆಯಲ್ಲಿ ಹನ್ನೊಂದು ವರ್ಷ ಬದುಕಿ, ಕೆಮ್ಮಿ ಕೆಮ್ಮಿ ಸತ್ತಳು. ಇನ್ನೊಬ್ಬರ ಗುಟ್ಟನ್ನು ತನ್ನ ಪಾಪವೆಂದು ಒಪ್ಪಿಸಿ ಪುಣ್ಯ ಕಟ್ಟಿಕೊಳ್ಳುವುದು ಎಷ್ಟು ಸಲೀಸಾದ ಭಕ್ತಿ!

ಹಾಸಿಗೆ ಹಿಡಿದ ಮೇಲೆ ಅಜ್ಜಿ ಕರೆಸಿಕೊಂಡದ್ದು ನಿನ್ಸೀಮಾಳನ್ನೇ. ಇವಳು ಹೋದದ್ದು ಒಂದೇ ಒಂದು 'ತಪ್ಪಾಯ್ತು' ಕೇಳುವ ಆಸೆಗೆ. ಹೋದ ತಿಂಗಳು ಅಜ್ಜಿ ಅವಳ ಮಣಿಕಟ್ಟು ಹಿಡಿದು ಬಾಯಿಬಿಟ್ಟಳು.

"ಬೆನೊನಿನೂ ನಿಮ್ ತಾತನಿಗೆ ಹುಟ್ಟಿದೋನಲ್ಲ ಮಗಾ. ಇದೊಂದನ್ನ ಮಾತ್ರ ಕೂಟದಲ್ಲಿ ಹೇಳೋಕೆ ನಾಲಿಗೆ ಏಳ್ಲೇ ಇಲ್ಲ. ಹೇಳಿದ್ರೆ ಮನೆ ಮುರಿದುಹೋಗ್ತಿತ್ತು."

"ನಮ್ಮಮ್ಮನ ಮನೆ?" ಎಂದಳು ನಿನ್ಸೀಮಾ.

ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು. ತಪ್ಪಾಯ್ತು ಎನ್ನಲಿಲ್ಲ.

ಈಗ ಕೂಟದ ಹಿರಿಯ ಯೊನಸಾನಿ ಮೈಕನ್ನು ಅವಳ ಕೈಗಿತ್ತ. "ಬಾರಮ್ಮಾ, ನಿಮ್ಮಜ್ಜಿ ಹಂಗೆ ಬೆಳಕಲ್ಲಿ ನಿಂತು ಮಾತಾಡು. ಏನೂ ಮುಚ್ಚಿಡ್ಬೇಡ."

ಮುಂದಿನ ಸಾಲಿನಲ್ಲಿ ಬೆನೊನಿ ಹೊಸ ಕೋಟು ತೊಟ್ಟು ಕುಲದ ಹಿರಿಯರ ನಡುವೆ ಕೂತಿದ್ದ. ಅಪ್ಪನ ಗೋರಿಯ ಬಲಕ್ಕೆ ಮುಂದೆ ತನ್ನನ್ನು ಹೂಳುವ ಜಾಗವೆಂದು ಆಗಷ್ಟೇ ಅವರಿಗೆ ತೋರಿಸಿ ಬಂದಿದ್ದ. ಒಂದೇ ಒಂದು ಮಾತು ಸಾಕು, ಆ ಅಪ್ಪನೂ ಹೋಗುತ್ತಾನೆ, ಆ ಜಾಗವೂ ಹೋಗುತ್ತದೆ. ಜನ ಹಾಡುತ್ತಾರೆ ಕೂಡ. ನಿನ್ಸೀಮಾಳಿಗೆ ಬಾಯಲ್ಲಿ ನೀರೂರಿತು. ಸುಳ್ಳೇಕೆ, ನಿಜವಾಗಿಯೂ ಊರಿತು.

ಬೆನೊನಿಯ ತೊಡೆಯ ಮೇಲೆ ಎರಡನೇ ಹೆಂಡತಿಯ ಮಗಳು ಕೂತಿದ್ದಳು, ಅವಳಿಗೂ ಎಂಟೇ ವರ್ಷ. ಅಪ್ಪನ ಕೈಗಡಿಯಾರಕ್ಕೆ ಕಿವಿಯಿಟ್ಟು ಕೇಳುತ್ತಿದ್ದಳು.

"ಅಜ್ಜಿ ಗೆಣಸು ಚೆನ್ನಾಗಿ ಬೆಳೀತಿದ್ಳು," ಎಂದಳು ನಿನ್ಸೀಮಾ. "ಒಂದಿನಾನೂ ಪ್ರಾರ್ಥನೆ ತಪ್ಪಿಸ್ಲಿಲ್ಲ."

"ಅಷ್ಟೇನಾ?" ಯೊನಸಾನಿಗೆ ನಿರಾಸೆ. "ಒಪ್ಕೊಳ್ಳೋದು ಏನೂ ಇಲ್ವಾ?"

"ಏನೂ ಇಲ್ಲ."

ಯಾರೂ ಹಾಡಲಿಲ್ಲ.

ಮಣ್ಣಾದ ಮೇಲೆ ಬೆನೊನಿ ಅವಳ ಹತ್ತಿರ ಬಂದ. ಅವಳು ಎರಡು ವರ್ಷ ಅದೇ ಮನೆಯಲ್ಲಿ ದುಡಿದರೂ ಅವನು ಅವಳೊಂದಿಗೆ ಒಂದು ಮಾತೂ ಆಡಿದವನಲ್ಲ. ಹಾಳು ಮನಸ್ಸು, ಏನೋ ಒಳ್ಳೆಯ ಮಾತಾಡುತ್ತಾನೆಂದು ಅವಳು ತಲೆಯೆತ್ತಿ ಕಾದಳು.

"ನಮ್ಮವ್ವ ಜೀವಮಾನದಲ್ಲಿ ಏನನ್ನೂ ಮುಚ್ಚಿಟ್ಟೋಳಲ್ಲ," ಎಂದ. "ಎರಡು ವರ್ಷ ಜೊತೇಲಿದ್ದೂ ನೀನು ಏನೂ ಕಲೀಲಿಲ್ಲ ನೋಡು. ರಕ್ತ ನಮ್ದಾಗಿದ್ರೆ ತಾನೇ ಬರೋದು!"

ನಿನ್ಸೀಮಾ ಅವನ ಮುಖವನ್ನೇ ನೋಡಿದಳು.

"ಹೌದು," ಎಂದಳು.