ಧನರಾಜನ ಬೆನ್ನುನೋವು

ರಾಯ್‌ಸ್ಟನ್ ಮೇಜಿನ ಮೇಲೆ ಹರಡಿದ ಬಣ್ಣದ ಹಾಳೆಗಳಲ್ಲಿ ಸುಮ್ಮನೆ ಕುಳಿತ ಒಬ್ಬ ಮನುಷ್ಯನೂ ಇರಲಿಲ್ಲ. ಎಲ್ಲರೂ ಹಾರುತ್ತಿದ್ದರು, ಹತ್ತುತ್ತಿದ್ದರು, ಇಲ್ಲವೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಎಲ್ಲಿಂದಲೋ ಇಳಿಯುತ್ತಿದ್ದರು. ಧನರಾಜ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿ, ಅಂಚು ಸರಿಮಾಡಿ ಮತ್ತೆ ಅಲ್ಲೇ ಇಟ್ಟ.

ಮಾರ್ಚ್ ಕೊನೆಯ ಬಿಸಿಲು. ಮಣಿಪಾಲದ ಆ ಸಣ್ಣ ಟ್ರಾವೆಲ್ಸ್ ಆಫೀಸಿನ ಎ.ಸಿ. ಸದ್ದು ಮಾಡುತ್ತಿತ್ತೇ ಹೊರತು ತಂಪು ಕೊಡುತ್ತಿರಲಿಲ್ಲ. ಧನರಾಜನ ಒಂದು ಪಕ್ಕದಲ್ಲಿ ಹೆಂಡತಿ ನಳಿನಾಕ್ಷಿ, ಇನ್ನೊಂದು ಪಕ್ಕದಲ್ಲಿ ಉಡುಪಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ಕಾವ್ಯ. ಕುರ್ಚಿ ಸಾಲದೆ ಹಿಂದೆ ನಿಂತವನು ರೂಪೇಶ, ಕಾರ್ಕಳದ ಕಡೆ ಎಂಜಿನಿಯರಿಂಗ್ ಓದುವ ಮಗ.

"ಒಟ್ಟು ಹತ್ತು ದಿನ, ಧನರಾಜಣ್ಣ," ಎಂದ ಟ್ರಾವೆಲ್ಸ್ ನಡೆಸುವ ರಾಯ್‌ಸ್ಟನ್. "ಮಲ್ಟಿ ಆಕ್ಟಿವಿಟಿ ಪ್ಯಾಕೇಜು. ಬಸ್ಸಲ್ಲಿ ಕೂತು ಹಿಮ ನೋಡಿ ಬರುದೆಲ್ಲ ಈಗ ಹಳತಾಯ್ತು. ಒಂದು ದಿನ ಪ್ಯಾರಾಗ್ಲೈಡಿಂಗ್, ಒಂದು ದಿನ ಸೈಕಲ್, ಒಂದು ದಿನ ಹಿಮದ ಮೇಲೆ ನಡೆಯುದು. ನಾಲ್ಕನೇ ದಿನ ರಾಫ್ಟಿಂಗ್. ಹಿಮ ಕರಗಿ ಬರುವ ಹೊಳೆ, ಭಾರೀ ರಭಸ ಉಂಟು. ಅದು ನಿಮಗೆ ಅಂತಲೇ ಇಟ್ಟದ್ದು."

"ನನಗೆ ಯಾಕೆ?"

"ಕಡಲಿನವರಲ್ವಾ ನೀವು."

"ಪಪ್ಪ ಮುಂದೆ ಕೂರ್ತಾರೆ, ನಾವೆಲ್ಲ ಅವರ ಹಿಂದೆ," ಎಂದ ರೂಪೇಶ. ಎಲ್ಲರೂ ನಕ್ಕರು. ಧನರಾಜನೂ ನಕ್ಕ, ಸ್ವಲ್ಪ ತಡವಾಗಿ.

ಬೋಟಿನವರಿಗೆ ಬೇಸಗೆ ರಜೆ ಎಂಬುದಿಲ್ಲ. ಏಪ್ರಿಲ್, ಮೇಯಲ್ಲಿ ಊರೆಲ್ಲ ಪ್ರವಾಸ ಹೊರಟಾಗ ಬೋಟು ಕಡಲಲ್ಲಿರುತ್ತದೆ. ಜೂನ್ ಒಂದರಿಂದ ಎರಡು ತಿಂಗಳು ಮೀನುಗಾರಿಕೆಗೆ ನಿಷೇಧ. ಕೈ ಖಾಲಿಯಾಗುವುದು ಆಗಲೇ, ಆದರೆ ಆಗ ಎಲ್ಲಿ ನೋಡಿದರೂ ಮಳೆ. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ನಳಿನಾಕ್ಷಿ ಅತಿ ದೂರ ಹೋದದ್ದೆಂದರೆ ಮುಂಬಯಿ, ಅದೂ ಅಣ್ಣನ ಮನೆಯ ಮದುವೆಗೆ. ಈ ಸಲವಾದರೂ ಅಮ್ಮನನ್ನು ಎಲ್ಲಿಗಾದರೂ ಕರೆದೊಯ್ಯಬೇಕೆಂದು ಹಟ ಹಿಡಿದ ಕಾವ್ಯ, ಜೂನಿನಲ್ಲಿ ಬಿಸಿಲಿರುವ ಊರು ಹುಡುಕುತ್ತ ಹುಡುಕುತ್ತ ಆಲ್ಪ್ಸ್‌ಗೆ ಬಂದು ನಿಂತಿದ್ದಳು. ಆವತ್ತಿನಿಂದ ಕಾಪುವಿನ ಅವರ ಮನೆಯಲ್ಲಿ ಬೇರೆ ಮಾತಿಲ್ಲ. ಯಾವ ಜಾಕೆಟ್ಟು, ಯಾವ ಬೂಟು, ವೀಸಾದ ಫೋಟೋದಲ್ಲಿ ನಗಬಹುದೋ ಬಾರದೋ, ಬೆರಳಚ್ಚಿಗೆ ಬೆಂಗಳೂರಿಗೆ ಹೋಗುವುದು ಯಾವ ವಾರ. ಬಂದರಿನಿಂದ ದಣಿದು ಮನೆಗೆ ಬಂದರೆ ಸಾಕು, ಯಾರಾದರೊಬ್ಬರು ಅವನ ಮುಖದ ಮುಂದೆ ಮೊಬೈಲು ಹಿಡಿದು ಇನ್ನೊಂದು ಬೆಟ್ಟ ತೋರಿಸುತ್ತಿದ್ದರು. ಎಲ್ಲಕ್ಕೂ ಅವನು "ಆಯ್ತು" ಎನ್ನುತ್ತಿದ್ದ. ರಾಫ್ಟಿಂಗ್ ಎಂಬ ಮಾತು ಕೇಳಿದ್ದು ಮಾತ್ರ ಇವತ್ತೇ ಮೊದಲು.

"ನನಗೆ ಬೆನ್ನುನೋವು ಉಂಟಲ್ಲ," ಎಂದ.

"ಅದಕ್ಕೇ ಡಾಕ್ಟರಿಗೆ ತೋರಿಸಿ ಅಂತ ಆರು ತಿಂಗಳಿಂದ ಬಡಕೊಳ್ತಾ ಇದ್ದೇನೆ," ಎಂದಳು ನಳಿನಾಕ್ಷಿ. "ಮಣಿಪಾಲದವರೆಗೆ ಬಂದಾಯ್ತು. ಇವತ್ತು ತೋರಿಸಿಯೇ ಹೋಗುವ."

ಕಾವ್ಯ ಹನ್ನೆರಡು ಗಂಟೆಗೆ ಆಸ್ಪತ್ರೆಯಲ್ಲಿ ಅಪ್ಪನ ಹೆಸರು ಬರೆಸಿಯೇ ಬಂದಿದ್ದಳು.

ಆ ಬೆನ್ನುನೋವಿನ ಹಿಂದಿನ ಕತೆ ಇಷ್ಟು. ಕಳೆದ ಸೆಪ್ಟೆಂಬರಿನಲ್ಲಿ, ಮಲ್ಪೆ ಬಂದರಿನಿಂದ ಹೊರಟ ಮೂರನೆಯ ದಿನ, ಬೋಟಿನ ಅಡಿಯಲ್ಲಿ ತಿರುಗುವ ಫ್ಯಾನಿಗೆ ಬಲೆ ಸುತ್ತಿಕೊಂಡಿತ್ತು. ಹಾಗಾದಾಗ ಯಾರಾದರೊಬ್ಬರು ಕತ್ತಿ ಹಿಡಿದು ಬೋಟಿನ ಅಡಿಗೆ ಮುಳುಗಿ ಬಲೆ ಕತ್ತರಿಸಬೇಕು. ಧನರಾಜ ಬೋಟಿನ ಮಾಲೀಕನೂ ಹೌದು, ಅದನ್ನು ನಡೆಸುವ ತಾಂಡೇಲನೂ ಹೌದು. ಆದರೂ ಆ ಕೆಲಸವನ್ನು ಬೇರೆಯವರಿಗೆ ಹೇಳಿದವನಲ್ಲ. ಮೂವತ್ತು ವರ್ಷದಲ್ಲಿ ಎಷ್ಟು ಸಲ ಮುಳುಗಿದ್ದನೋ ಲೆಕ್ಕವಿಲ್ಲ. ಆ ದಿನ ನೀರು ಕಲಕಿತ್ತು. ಬಲೆಯ ಒಂದು ಮಡಿಕೆ ಅವನ ಕಾಲಿಗೆ ಸುತ್ತಿತು, ಬಿಡಿಸಲು ಹೋದ ಕೈಗೂ ಸುತ್ತಿತು, ಕತ್ತಿ ಜಾರಿ ಹೋಯಿತು. ತಲೆಯ ಮೇಲೆ ಬೋಟಿನ ತಳ ಏಳುತ್ತ ಬೀಳುತ್ತ ಇತ್ತು. ಜತೆಗಿದ್ದ ಶೇಖರ ಮುಳುಗಿ ಬಂದು ಅವನನ್ನು ಎಳೆದು ಮೇಲೆ ತಂದ. ಎಲ್ಲ ಸೇರಿ ಒಂದೂವರೆ ನಿಮಿಷವೂ ಆಗಿರಲಿಕ್ಕಿಲ್ಲ. ಯಾರಿಗೂ ಏನೂ ಆಗಲಿಲ್ಲ. ಧನರಾಜ ವಾಂತಿ ಮಾಡಿದ, ಚಹಾ ಕುಡಿದ, "ಸ್ವಲ್ಪ ನೀರು ಹೋಯ್ತು, ಅಷ್ಟೇ" ಎಂದ. ಬೋಟು ಆ ಸಲ ತುಂಬಾ ಬಂಗುಡೆ ಮೀನು ತಂದಿತ್ತು.

ಮುಂದಿನ ಸಲ ಹೊರಡುವ ಬೆಳಿಗ್ಗೆ ಬಂದರಿನಲ್ಲಿ ಬೋಟಿಗೆ ಕಾಲಿಡಲು ಹೋದರೆ ಕಾಲು ಏಳಲಿಲ್ಲ. ನಿಂತಲ್ಲೇ ಸೊಂಟಕ್ಕೆ ಕೈ ಕೊಟ್ಟು, "ಬೆನ್ನು ಹಿಡಿದುಕೊಂಡಿದೆ" ಎಂದುಬಿಟ್ಟ. ಬಾಯಿಗೆ ಬಂದದ್ದು ಆ ಮಾತು. ಅಂದಿನಿಂದ ಬೋಟು ನಡೆಸುವವನು ಶೇಖರ. ಧನರಾಜ ದಡದಲ್ಲಿ ಐಸು, ಡೀಸೆಲ್ಲು, ಮೀನಿನ ಏಲಂ ನೋಡಿಕೊಳ್ಳುತ್ತಿದ್ದ. ಮನೆಯ ಬಚ್ಚಲಿನಲ್ಲಿ ತಲೆಗೆ ನೀರು ಹೊಯ್ದುಕೊಳ್ಳುವಾಗಲೂ ಕಣ್ಣು ಮುಚ್ಚಲು ಆಗುತ್ತಿರಲಿಲ್ಲ. ನಿದ್ದೆ ಬಿಟ್ಟೇ ಹೋಗಿತ್ತು. ಒಂದು ಸುಳ್ಳನ್ನು ದಿನವೂ ಬೆಳಿಗ್ಗೆ ಎದ್ದು ಹೊತ್ತುಕೊಳ್ಳುವುದು ಮೀನಿನ ಬುಟ್ಟಿಗಿಂತ ಭಾರ ಎಂಬುದು ಅವನಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಆಸ್ಪತ್ರೆಯ ಡಾಕ್ಟರು ಕಾವ್ಯಳಿಗಿಂತ ಸ್ವಲ್ಪ ದೊಡ್ಡ ಹುಡುಗಿ. ಬಗ್ಗಿಸಿ ನೋಡಿದಳು, ಕಾಲೆತ್ತಿಸಿ ನೋಡಿದಳು, ಸ್ಕ್ಯಾನ್ ಬರೆದಳು. ಎರಡು ದಿನ ಬಿಟ್ಟು ಮತ್ತೆ ಹೋದಾಗ ಚಿತ್ರವನ್ನು ಬೆಳಕಿಗೆ ಹಿಡಿದು, "ನಿಮ್ಮ ಪ್ರಾಯದವರಲ್ಲಿ ಇಂಥ ಬೆನ್ನು ನಾನು ನೋಡಿದ್ದು ಕಡಿಮೆ," ಎಂದಳು. "ಎಂತದೂ ಇಲ್ಲ. ಧಾರಾಳವಾಗಿ ಹೋಗಿ ಬನ್ನಿ, ಎಲ್ಲ ಆಡಬಹುದು."

ನಳಿನಾಕ್ಷಿಯ ಮುಖ ಅರಳಿತು. ಹೊರಗೆ ಬಂದವಳೇ ರಾಯ್‌ಸ್ಟನ್‌ಗೆ ಫೋನು ಮಾಡಿ, "ರಾಫ್ಟಿಂಗಿಗೆ ನಾಲ್ಕೂ ಜನ ಹಾಕಿ" ಎಂದಳು. ಧನರಾಜ ಕಾರಿಗೆ ಒರಗಿ ನಿಂತು ಆ ಮಾತು ಕೇಳಿದ. ಗಟ್ಟಿ ಬೆನ್ನು ಎಂಬುದು ಒಬ್ಬ ಮನುಷ್ಯನಿಗೆ ಇಷ್ಟು ಕಷ್ಟ ಕೊಡಬಹುದೆಂದು ಅವನು ಎಣಿಸಿರಲಿಲ್ಲ.

ಮರುದಿನ ಬೋಟು ಬಂದಿತ್ತು. ಮೀನು ಇಳಿಸಿ ಮುಗಿದ ಮೇಲೆ ಶೇಖರ ಕೈ ತೊಳೆದು ಅವನ ಹತ್ತಿರ ಬಂದು ನಿಂತ.

"ಡಾಕ್ಟರು ಎಂತ ಹೇಳಿದ್ರು, ಧನಣ್ಣ?"

"ಸ್ವಲ್ಪ ದಿನ ಹೋಗಲಿ ಅಂತ."

ಶೇಖರ ಅವನ ಮುಖ ನೋಡದೆ ನೀರಿನ ಕಡೆ ನೋಡಿದ. "ಮೇ ಕೊನೆಗೆ ಬೋಟು ದಡಕ್ಕೆ ಕಟ್ಟುವ ಮೊದಲು ಒಂದು ಸಲ ಕಡಲಿಗೆ ಬನ್ನಿ. ಜತೆಯವರು ಕೇಳ್ತಾರೆ."

"ನೋಡುವ," ಎಂದ ಧನರಾಜ. ಇನ್ನೊಂದು ಸುಳ್ಳು. ಮನೆಗೆ ಬರುವ ದಾರಿಯಲ್ಲಿ ಅವನಿಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಏಪ್ರಿಲಿನ ಎರಡನೆಯ ಭಾನುವಾರ, ಊಟ ಮುಗಿಸಿ ನಾಲ್ವರೂ ಚಾವಡಿಯಲ್ಲಿ ಕುಳಿತಿದ್ದರು. ರಾಫ್ಟಿಂಗ್ ಮಾಡಿಸುವ ಅಲ್ಲಿನ ಕಂಪೆನಿ ಒಬ್ಬೊಬ್ಬರಿಗೂ ಒಂದೊಂದು ಫಾರ್ಮು ಕಳಿಸಿತ್ತು. ಕಾವ್ಯ ಲ್ಯಾಪ್‌ಟಾಪಿನಲ್ಲಿ ಅದನ್ನು ತುಂಬುತ್ತಿದ್ದಳು. ನಳಿನಾಕ್ಷಿಯ ತೂಕ ಕೇಳಿದಾಗ ಜಗಳವಾಗಿ, ನಗೆಯಾಗಿ, ಕೊನೆಗೆ ಐದು ಕಿಲೋ ಕಡಿಮೆ ಬರೆಯುವುದೆಂದು ತೀರ್ಮಾನವಾಯಿತು. ಆಮೇಲೆ ಅಪ್ಪನ ಸರದಿ.

"ಈಜು ಬರುತ್ತದಾ ಅಂತ ಕೇಳ್ತಾರೆ," ಎಂದಳು ಕಾವ್ಯ.

"ಮೀನಿಗೆ ಕೇಳಿದ ಹಾಗೆ," ಎಂದ ರೂಪೇಶ.

"ಹೃದಯದ ಕಾಯಿಲೆ ಇಲ್ಲ. ಬೆನ್ನುನೋವು, ಅದೂ ಇಲ್ಲ ಅಂತ ಆಯ್ತಲ್ಲ. ಕಳೆದ ಒಂದು ವರ್ಷದಲ್ಲಿ ನೀರಲ್ಲಿ ಅಪಾಯ ಆದದ್ದು, ನೀರಿನ ಹೆದರಿಕೆ…" ಅವಳು ಓದುತ್ತಲೇ 'ಇಲ್ಲ' ಎಂಬುದನ್ನು ಒತ್ತಿ ಮುಂದಕ್ಕೆ ಹೋದಳು.

"ಅದನ್ನು ತಿದ್ದು," ಎಂದ ಧನರಾಜ.

"ಯಾವುದನ್ನು?"

"ಆ ಕೊನೆಯದ್ದನ್ನು. ಹೌದು ಅಂತ ಹಾಕು."

ಅವಳು ತಮಾಷೆ ಎಂದುಕೊಂಡು ತಲೆ ಎತ್ತಿದಳು. ಅಪ್ಪನ ಮುಖ ನೋಡಿದ ಮೇಲೆ ಕೈಯನ್ನು ಮೆಲ್ಲಗೆ ಲ್ಯಾಪ್‌ಟಾಪಿನಿಂದ ತೆಗೆದಳು.

ಧನರಾಜ ಹೇಳಿದ. ಹೇಳಬೇಕೆಂದು ನಿಶ್ಚಯಿಸಿ ಕುಳಿತವನಲ್ಲ; ಇನ್ನೊಂದು ಸಲ 'ಇಲ್ಲ' ಎನ್ನುವಷ್ಟು ತ್ರಾಣ ಉಳಿದಿರಲಿಲ್ಲ, ಅಷ್ಟೇ. ಬಲೆ, ಕಾಲು, ಜಾರಿದ ಕತ್ತಿ, ತಲೆಯ ಮೇಲೆ ಬಡಿಯುತ್ತಿದ್ದ ಹಲಗೆ. ಬಂದರಿನಲ್ಲಿ ಏಳದ ಕಾಲು. ಬೇರೆ ಯಾರದೋ ಸುದ್ದಿ ಹೇಳುವ ಹಾಗೆ, ದನಿ ಏರಿಸದೆ ಹೇಳಿದ. ನಡುವೆ ಎರಡು ಸಲ ನೀರು ಕುಡಿದ.

ಕಾವ್ಯ ಲ್ಯಾಪ್‌ಟಾಪು ಮುಚ್ಚಿದಳು. ರೂಪೇಶ ಕಾಲಿನ ಬೆರಳು ನೋಡುತ್ತ ಕುಳಿತ. ಮೊದಲು ಬಾಯಿ ಬಿಟ್ಟವಳು ನಳಿನಾಕ್ಷಿ.

"ಹಾಗಾದ್ರೆ ಆರು ತಿಂಗಳು ನಾನು ನಿಮ್ಮ ಬೆನ್ನಿಗೆ ಎಣ್ಣೆ ತಿಕ್ಕಿದ್ದು ಎಂತಕ್ಕೆ?"

ಧನರಾಜ ನೀರಿನ ಲೋಟವನ್ನು ಕೆಳಗಿಟ್ಟ.

"ದಿನಾ ಕೇಳ್ತಿದ್ದೆ, ಇಲ್ಲಿ ನೋವಾ, ಅಲ್ಲಿ ನೋವಾ ಅಂತ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಅಂತ ಹೇಳ್ತಿದ್ರಿ ನೀವು." ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಶೇಖರನಿಗೆ ಗೊತ್ತುಂಟಾ?"

"ನಾನಾಗಿ ಹೇಳಲಿಲ್ಲ. ಗೊತ್ತಿರಬಹುದು."

"ಅವನಿಗೆ ಗೊತ್ತುಂಟು. ನನಗೆ ಇಲ್ಲ." ಅವಳು ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದು ಬಹಳ ಹೊತ್ತು ಕೇಳಿಸಿತು.

ಎರಡು ದಿನ ಅವಳು ಗಂಡನೊಡನೆ ಸರಿಯಾಗಿ ಮಾತಾಡಲಿಲ್ಲ. ಬಡಿಸಿದಳು, ಬಟ್ಟೆ ಮಡಚಿಟ್ಟಳು. ಮಾತು ಮಾತ್ರ ಬೇಕಾದಷ್ಟೇ. ಧನರಾಜನಿಗೆ ಆಶ್ಚರ್ಯವಾದದ್ದು, ಅವಳ ಆ ಸಿಟ್ಟಿನಲ್ಲೂ ತನಗೆ ಸ್ವಲ್ಪ ಹಗುರವೆನಿಸಿದ್ದು. ಭಯ ಹೋಗಿರಲಿಲ್ಲ. ಬಚ್ಚಲಿನಲ್ಲಿ ಕಣ್ಣು ಈಗಲೂ ತೆರೆದೇ ಇರುತ್ತಿತ್ತು. ಆದರೆ ಬೆಳಿಗ್ಗೆ ಎದ್ದು ಸೊಂಟಕ್ಕೆ ಕೈ ಕೊಟ್ಟು ನಡೆಯುವ ಕೆಲಸ ತಪ್ಪಿತ್ತು.

ರೂಪೇಶ ಒಮ್ಮೆ ಅವನ ಹತ್ತಿರ ಬಂದು, "ರಾಫ್ಟಿಂಗ್ ಯಾರಿಗೂ ಬೇಡ ಪಪ್ಪ, ತೆಗೆದುಬಿಡುವ," ಎಂದ.

"ನೀನು ಯಾಕೆ ಬಿಡುದು? ನೀನು ಹೋಗು. ನನ್ನ ಹೆದರಿಕೆ ನನಗೆ ಒಬ್ಬನಿಗೆ ಸಾಕು."

ಮಗ ಅಪ್ಪನ ಭುಜವನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟ.

ಮೂರನೆಯ ದಿನ ಬೆಳಿಗ್ಗೆ ನಳಿನಾಕ್ಷಿಯೇ ಚಹಾ ತಂದಿಟ್ಟು ಎದುರು ಕುಳಿತಳು. "ಇನ್ನು ಬೋಟಿಗೆ ಹೋಗುದೇ ಇಲ್ವಾ?" ಎಂದು ಕೇಳಿದಳು.

"ಗೊತ್ತಿಲ್ಲ."

"ಆಯ್ತು. ಗೊತ್ತಿಲ್ಲ ಅಂತಲೇ ಹೇಳಿ. ಯಾರು ಕೇಳಿದ್ರೂ ಹಾಗೇ ಹೇಳಿ. ನಾನೂ ಹಾಗೇ ಹೇಳ್ತೇನೆ."

ಅದೇ ಮಾತನ್ನು ಅವನು ಶೇಖರನಿಗೂ ಹೇಳಿದ. ಶೇಖರ "ಬಿಡಿ, ಬೋಟು ನಾನು ನೋಡ್ತೇನೆ," ಎಂದ. ಮೇ ಕೊನೆಗೆ ಬನ್ನಿ ಎಂದು ಮತ್ತೆ ಕರೆಯಲಿಲ್ಲ.

ಆ ವಾರದ ಕೊನೆಗೆ ನಾಲ್ವರೂ ಪುನಃ ಮಣಿಪಾಲಕ್ಕೆ ಹೋದರು. ರಾಯ್‌ಸ್ಟನ್‌ಗೆ ಏನೂ ವಿವರಿಸಲು ನಳಿನಾಕ್ಷಿ ಹೋಗಲಿಲ್ಲ. "ನಾಲ್ಕನೇ ದಿನ ನೀರಿಗೆ ಮಕ್ಕಳು ಇಬ್ಬರೇ," ಎಂದಳು.

"ಧನರಾಜಣ್ಣ ಇಲ್ಲದೆ?" ರಾಯ್‌ಸ್ಟನ್‌ಗೆ ಬೇಸರವೇ ಆಯಿತು. "ಹಾಗಾದ್ರೆ ಆ ದಿನ ನಿಮಗಿಬ್ಬರಿಗೆ ಎಂತ ಹಾಕಲಿ? ಬೆಟ್ಟದ ಮೇಲೆ ಹಗ್ಗದ ಸೇತುವೆ ಉಂಟು. ಕುದುರೆ ಉಂಟು. ಚೀಸ್ ಮಾಡುದು ಕಲಿಸುವವರು ಇದ್ದಾರೆ."

ನಳಿನಾಕ್ಷಿ ಗಂಡನ ಕಡೆ ನೋಡಿದಳು.

"ಎಂತದೂ ಬೇಡ, ಮಾರಾಯ್ರೆ," ಎಂದ ಧನರಾಜ. "ಎಲ್ಲಿಯಾದರೂ ಒಂದು ಬೆಂಚು ಇದ್ದರೆ ಸಾಕು."

"ಖಾಲಿ ಬಿಟ್ಟರೆ ಪ್ಯಾಕೇಜು ಸರಿ ಕಾಣುದಿಲ್ಲ, ಧನರಾಜಣ್ಣ."

"ಕಾಣುದು ಬೇಡ," ಎಂದಳು ನಳಿನಾಕ್ಷಿ. "ಬೆಂಚು ಅಂತಲೇ ಬರೀರಿ. ಇಬ್ಬರಿಗೆ."

ರಾಯ್‌ಸ್ಟನ್ ತಲೆ ಕೆರೆದುಕೊಂಡು ಹಾಗೆಯೇ ಬರೆದುಕೊಂಡ.

ಸಂಜೆಯ ಬಿಸಿಲಿನಲ್ಲಿ ಊರಿಗೆ ಹೊರಟರು. ರೂಪೇಶ ಕಾರು ಓಡಿಸುತ್ತಿದ್ದ. ಉಡುಪಿ ದಾಟುವವರೆಗೆ ಕಾವ್ಯ ವೀಸಾದ ಕಾಗದಗಳ ಪಟ್ಟಿ ಓದುತ್ತಿದ್ದದ್ದು ಧನರಾಜನಿಗೆ ನೆನಪು. ಆಮೇಲೆ ಏನೂ ನೆನಪಿಲ್ಲ.

ಕಣ್ಣು ಬಿಟ್ಟಾಗ ಕಾರು ಹೆದ್ದಾರಿಯ ಪಕ್ಕದಲ್ಲಿ ನಿಂತಿತ್ತು. ಕುತ್ತಿಗೆ ನೋಯುತ್ತಿತ್ತು, ಬಾಯಿ ಒಣಗಿತ್ತು. ಹೊರಗೆ ಲಾರಿಗಳ ಸಾಲು.

"ಎಲ್ಲಿಗೆ ಬಂದೆವು?" ಎಂದ.

"ಹೆಜಮಾಡಿ," ಎಂದ ರೂಪೇಶ. "ಮುಂದೆ ಟೋಲ್ ಗೇಟು."

"ಕಾಪು ದಾಟಿ ಇಲ್ಲಿಗೆ ಯಾಕೆ ಬಂದದ್ದು?"

"ಮನೆ ಬಂದಾಗ ನೀವು ಗೊರಕೆ ಹೊಡೀತಾ ಇದ್ರಿ. ಎಬ್ಬಿಸಬೇಡ, ಹಾಗೇ ಹೋಗ್ತಾ ಇರು ಅಂತ ಅಮ್ಮ ಹೇಳಿದ್ರು."

ಧನರಾಜ ಹಿಂದಕ್ಕೆ ತಿರುಗಿ ನೋಡಿದ. ಕಾವ್ಯ ಕಿಟಕಿಗೆ ಒರಗಿ ನಿದ್ದೆ ಹೋಗಿದ್ದಳು. ನಳಿನಾಕ್ಷಿ ಮಡಿಲಲ್ಲಿ ಕೈ ಜೋಡಿಸಿಕೊಂಡು ಎಚ್ಚರವಾಗಿಯೇ ಕುಳಿತಿದ್ದಳು; ಅವಳ ಮುಖದಲ್ಲೂ ಬಹಳ ದಿನಗಳ ದಣಿವು ಕಾಣುತ್ತಿತ್ತು.

"ಇನ್ನು ತಿರುಗಿಸು," ಎಂದಳು ಮಗನಿಗೆ. "ಮೆಲ್ಲ ಹೋಗು. ಅವಳೂ ಮಲಗಿದ್ದಾಳೆ."