ಬೆಣ್ಣೆ ಹತ್ತಿದ ಚೀಟಿಗಳು

ಬೆಳಕು ಹರಿಯುವ ಮುನ್ನ ಹಿಲ್ಟ್ರುಡ್ ಓಲೆನ್‌ಡಾರ್ಫ್ ಒಲೆಯ ಬೂದಿ ತೆಗೆದು ಕಲ್ಲಿದ್ದಲು ತುಂಬುತ್ತಿದ್ದರು, ಆಲೂಗಡ್ಡೆ ಸುಲಿದು ನೀರಿಗೆ ಹಾಕುತ್ತಿದ್ದರು, ಗಂಡನ ಅಂಗಿಗೆ ಇಸ್ತ್ರಿ ಮಾಡುತ್ತಿದ್ದರು, ಬ್ರೆಡ್ಡಿಗೆ ಹಿಟ್ಟು ನಾದಿಡುತ್ತಿದ್ದರು. ಇದರ ನಡುವೆಯೇ ಹತ್ತು ಹದಿನೈದು ಪದಚೀಟಿಗಳನ್ನೂ ಬರೆದಿರುತ್ತಿದ್ದರು.

ಗಂಡ ಲುಡಾಲ್ಫ್ ಜರ್ಮನ್ ನಿಘಂಟಿನ ಸಂಪಾದಕರು. ಯಾವ ಪದವನ್ನು ಯಾರು, ಎಲ್ಲಿ, ಹೇಗೆ ಆಡಿದರೆಂಬುದು ಒಂದೊಂದು ಚೀಟಿಯಲ್ಲಿ ದಾಖಲಾಗಬೇಕು. ಹನ್ನೆರಡು ವರ್ಷ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನಾನು ಕಂಡಂತೆ, ಆ ಚೀಟಿಗಳು ಹುಟ್ಟುತ್ತಿದ್ದದ್ದು ಹಿಲ್ಟ್ರುಡ್ ಅವರ ಏಪ್ರನ್ನಿನ ಎಡಜೇಬಿನಲ್ಲಿ. ಬಲಜೇಬಿನಲ್ಲಿ ಚಾಕು. ಯಾರಾದರೂ ಚೆಂದದ ಮಾತೊಂದನ್ನಾಡಿದರೆ ನಡೆಯುತ್ತಿದ್ದವರು ಗಕ್ಕನೆ ನಿಂತು, ಗೋಡೆಗೋ ಬೇರೆಯವರ ಬೆನ್ನಿಗೋ ಚೀಟಿ ಒತ್ತಿ ಬರೆದುಕೊಳ್ಳುತ್ತಿದ್ದರು.

"ಫ್ರಾವ್ ಪ್ರೊಫೆಸರ್, ಇವತ್ತು ನಿಮಗೆ ಮಾಂಸ ಕೊಡ್ಲೋ, ಮಾತು ಕೊಡ್ಲೋ?" ಎಂದು ಗಂಡನ ಪದವಿ ಸೇರಿಸಿ ಕರೆದು ಮಾಂಸದಂಗಡಿಯಾಕೆ ಛೇಡಿಸುತ್ತಿದ್ದಳು.

"ಎರಡೂ ಕೊಡು. ಮಾತಲ್ಲಿ ಮೂಳೆ ಕಡಿಮೆ ಇರ್ಲಿ."

ಒಂದು ಚಳಿಗಾಲವಿಡೀ ‘ರೈಶ್ಲಿಶ್’ ಎಂಬ ವಿಶೇಷಣದ ಕೆಲಸ ನಡೆಯಿತು.

"ಸಿರಿವಂತಿಕೆ ಹೇಳೋ ಪದ ಕಣೇ, ಹಾಗಂತ ಬರೆದುಬಿಡು," ಎಂದರು ಲುಡಾಲ್ಫ್.

"ಸಿರಿವಂತ್ರು ಎಲ್ಲಿ ಆಡ್ತಾರೆ? ಇದು ಬಡಿಸೋಳ ಮಾತು. ಇರೋರಿಗೆ ಸಾಕು, ಇನ್ನೊಬ್ಬರು ಬಂದ್ರೂ ಸಾಕು ಅಂತ."

ಪುಸ್ತಕದಲ್ಲಿ ನಾಮಪದದ ಮುಂದೆ ಪ್ರತ್ಯಯ ತೊಟ್ಟು ನಿಲ್ಲುವ ಆ ಪದ ಅಡುಗೆಮನೆಯಲ್ಲಿ ಬೆಣ್ಣೆಯ ಮುಂದೆ, ಉಪ್ಪಿನ ಮುಂದೆ ಏನನ್ನೂ ತೊಡದೆ ನಿಲ್ಲುತ್ತದೆಂದೂ, ‘ದಣಿದ’ ಎಂಬುದರ ಮುಂದೆ ಬಂದರೆ ‘ತುಸು ಹೆಚ್ಚೇ’ ಎಂಬ ಅರ್ಥ ಕೊಡುತ್ತದೆಂದೂ ನಲವತ್ತು ಚೀಟಿಗಳಿಂದ ತೋರಿಸಿದವರು ಅವರೇ. ಎಲ್ಲದರ ಮೇಲೂ ಬೆಣ್ಣೆಯ ಬೆರಳಗುರುತು. ಎಲ್ಲದರ ಮೂಲೆಯಲ್ಲೂ ಗಂಡನ ಹೆಸರಿನ ಮೊದಲಕ್ಷರ.

ಒಮ್ಮೆ ಊಟಕ್ಕೆ ಬಂದ ಕಚೇರಿಯ ಸಹಾಯಕನೊಬ್ಬ, "ಸರ್, ನೀವು ಬ್ರೆಡ್ ತಿಂತಾನೇ ಬರೀತೀರಾ?" ಎಂದು ನಕ್ಕ. ಲುಡಾಲ್ಫ್ ಕೂಡ ನಕ್ಕರು. ಹಿಲ್ಟ್ರುಡ್ ಸಾರು ಬಡಿಸುತ್ತಿದ್ದರು; ಸೌಟು ಒಂದು ಕ್ಷಣ ನಿಂತಿತು, ಅಷ್ಟೆ.

ಆ ವಸಂತದಲ್ಲಿ ಸಂಪುಟದ ಮುನ್ನುಡಿಯನ್ನು ಟೈಪ್ ಮಾಡುವ ಕೆಲಸವೂ ಅವರ ಪಾಲಿಗೇ ಬಂತು. ಕೊನೆಯ ಸಾಲಿನಲ್ಲಿ ‘ಯಥೇಚ್ಛ’ ಎನ್ನಲು ಅದೇ ರೈಶ್ಲಿಶ್: ‘ಯಥೇಚ್ಛವಾಗಿ ಕಾಫಿ ಒದಗಿಸಿದ ನನ್ನ ಪತ್ನಿಗೆ ಕೃತಜ್ಞತೆಗಳು.’

ಪಾಂಡಿತ್ಯದ ಮನೆಗಳಲ್ಲೆಲ್ಲ ಇಂಥ ಹೆಂಗಸರಿದ್ದಾರೆ. ಒಲೆಗೂ ಮೇಜಿಗೂ ನಡುವೆ ಅವರು ಕಟ್ಟಿದ ಪುಸ್ತಕಗಳನ್ನು ನಾವು ಬೇರೆ ಹೆಸರುಗಳಲ್ಲಿ ಓದುತ್ತೇವೆ. ಬಹುಪಾಲು ಮಂದಿ ಆ ಕೊನೆಯ ಸಾಲನ್ನೂ ತಪ್ಪಿಲ್ಲದೆ ಟೈಪ್ ಮಾಡಿಕೊಡುತ್ತಾರೆ.

ಮುನ್ನುಡಿ ಟೈಪ್ ಮಾಡಬೇಕಿದ್ದ ದಿನ ಮಧ್ಯಾಹ್ನ ಕೆಳಗಿನ ಟೈಪ್‌ರೈಟರ್ ಬಹಳ ಹೊತ್ತು ಸುಮ್ಮನಿತ್ತು. ಲುಡಾಲ್ಫ್ ಊರಲ್ಲಿರಲಿಲ್ಲ. ಆಮೇಲೆ ಕೀಲಿಗಳ ಸದ್ದು ಕೇಳಿಸಿತು, ಮುದ್ರಣಾಲಯಕ್ಕೆ ಕಳಿಸುವ ಲಕೋಟೆ ಹಿಡಿದು ಅಂಚೆ ಕಚೇರಿಯತ್ತ ಹೋಗುವ ಅವರ ಬಿರುಸಾದ ಹೆಜ್ಜೆಗಳೂ ಕೇಳಿಸಿದವು. ಅವರು ನನಗೆ ಕೊಟ್ಟ ಕಾರ್ಬನ್ ಪ್ರತಿಯಲ್ಲಿ ಕಾಫಿಯ ಸಾಲಿಲ್ಲ. ಅದರ ಜಾಗದಲ್ಲಿದೆ: ‘ರೈಶ್ಲಿಶ್ ಪದದ ವಿವರಣೆ ಬರೆದವರು, ಹಿಲ್ಟ್ರುಡ್ ಓಲೆನ್‌ಡಾರ್ಫ್.’